ಹೊಲದ ಹೆಸರಿನ ಒಂಬತ್ತು ಕೋಡ್‌ಗಳು

ಹುನಗುಂದದಿಂದ ಇಳಕಲ್ಲಿಗೆ ಬಸ್ಸು ಮುಟ್ಟುವುದರೊಳಗೆ ನಾನು ದಿನಾ ಮೂರ್ನಾಲ್ಕು ಚಿಂತೆ ಮಾಡಿ ಮುಗಿಸುತ್ತೇನೆ. ಆ ತಿಂಗಳು ಮಾತ್ರ ಒಂದೇ ಚಿಂತೆ ಇಡೀ ದಾರಿಯನ್ನು ತಿಂದುಹಾಕುತ್ತಿತ್ತು: ಕೆಟಗರಿ ಕೋಡ್.

ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಗುಣಮಟ್ಟ ನೋಡಿಕೊಳ್ಳುವ ಕೆಲಸ ನನ್ನದು. ಖರೆ ಹೇಳಬೇಕೆಂದರೆ ನೋಡುವವರು ಕಾಕಾ, ಬರೆದಿಡುವವನು ನಾನು. ಕಾರ್ಖಾನೆಯವರೆಲ್ಲ ಕಾಕಾ ಎಂದೇ ಕರೆಯುವ ಅವರು ನನಗಿಂತ ಹದಿನೈದು ವರ್ಷ ಹಿರಿಯರು, ಕ್ವಾರಿಯಲ್ಲೇ ಬೆಳೆದವರು. ಪ್ರತಿ ಸ್ಲ್ಯಾಬಿನ ಮೇಲೂ ನೀರು ಸುರಿದು, ಅದು ಒಣಗುವವರೆಗೆ ಕದಲದೆ ನಿಲ್ಲುತ್ತಾರೆ. ಉಳಿದದ್ದೆಲ್ಲ ಒಣಗಿದ ಮೇಲೂ ಒಂದು ಗೆರೆ ಹಸಿಯಾಗಿ ಉಳಿದರೆ, ಅಲ್ಲಿ ಕಣ್ಣಿಗೆ ಕಾಣದ ಬಿರುಕಿದೆ ಎಂದರ್ಥ.

ಕಲ್ಲು ಕೊಳ್ಳುವ ಗುತ್ತಿಗೆದಾರರು ಕೇಳಿದರೆಂದು ಕಾರ್ಖಾನೆಯ ಸಾವುಕಾರರು ತಪಾಸಣೆಯ ಸಾಫ್ಟ್‌ವೇರ್ ತರಿಸಿದರು. ತರಿಸಿದ ದಿನವೇ, "ಇನ್ನ ಕಾಕಾನ ಕೆಲಸ ಏನೈತ್ರಿ? ಟಿಕ್ ಹಾಕಾಕ ಯಾರಾದ್ರೂ ಆಗ್ತಾರ" ಎಂದರು. ನಾನು ಅಂದೇ ಸಾಫ್ಟ್‌ವೇರಿನಲ್ಲಿ ತಪಾಸಣೆ ಮಾಡುವವರ ಹೆಸರಿನ ಜಾಗದಲ್ಲಿ ಕಾಕಾನ ಹೆಸರನ್ನೇ ಹಾಕಿದೆ. ಹೆಸರು ಒಳಗೆ ಕೂತರೆ ಮನುಷ್ಯನೂ ಉಳಿದಾನು ಎಂಬುದು ನನ್ನ ಲೆಕ್ಕ.

ಯಾವ ಮಾಲಿಗೆ ಯಾವ ಪರೀಕ್ಷೆ ಎಂಬ ಪಟ್ಟಿಗೆ ಅದರಲ್ಲಿ ಪ್ಲಾನ್ ಎನ್ನುತ್ತಾರೆ. ಪ್ರತಿ ಪ್ಲಾನಿಗೂ ಒಂದು ಕೆಟಗರಿ ಕೋಡ್ ಬೇಕು. ಕೋಡ್ ಒತ್ತಿದರೆ ಆ ಕೆಟಗರಿಯ ಪರೀಕ್ಷೆಗಳಷ್ಟೇ ತೆರೆಯುತ್ತವೆ. ಕೆಟಗರಿ ಎಂದರೆ ಏನೇನು ಇಡಲಿ ಎಂದು ಫೋನ್ ಮಾಡಿ ಕೇಳಿದೆ.

"ನೀವು ಮಾಲನ್ನ ಹೇಗೆ ಗುರುತಿಸ್ತೀರೋ ಹಾಗೇ ಇಟ್ಕೊಳ್ಳಿ ಸರ್," ಎಂದಳು ಸಾಫ್ಟ್‌ವೇರ್ ಕಂಪನಿಯ ಹೆಣ್ಣುಮಗಳು. "ಆದ್ರೆ ಒಂದ್ಸಲ ಬಳಸಿದ ಕೋಡನ್ನ ಅಳಿಸೋಕಾಗಲ್ಲ."

ನನ್ನಂಥವನಿಗೆ ಹೇಳುವ ಮಾತೇ ಅದು? ನಾಲ್ಕು ದಿನ ಬರೆದೆ, ಹರಿದೆ. ನಮ್ಮಲ್ಲಿ ಕಲ್ಲನ್ನು ಗುರುತಿಸುವುದು ಅದು ಹುಟ್ಟಿದ ಹೊಲದಿಂದ: ಬಾವಿ ಹೊಲದ್ದು, ಹುಣಸಿಗಿಡದ ಹೊಲದ್ದು, ಹಳ್ಳದ ದಂಡಿಯದು. ಹೆಣ್ಣು ತರುವಾಗ ಮನೆತನ ಕೇಳಿದ ಹಾಗೆ, ಹೊಲ ಕೇಳಿದರೆ ಕಲ್ಲಿನ ಸ್ವಭಾವ ತಿಳಿಯುತ್ತದೆ. ಒಂಬತ್ತು ಹೊಲಕ್ಕೆ ಒಂಬತ್ತು ಕೋಡ್ ಮಾಡಿದೆ. ಬಿರುಕಿಗೆ ಹೆಸರಾದದ್ದು ಬಾವಿ ಹೊಲದ ಕಲ್ಲು, ನೀರಿನ ಪರೀಕ್ಷೆಯನ್ನು ಅದೊಂದಕ್ಕೇ ಇಟ್ಟೆ. ಹುಣಸಿಗಿಡದ್ದು ಸಂಭಾವಿತ ಕಲ್ಲು.

ಮೊದಲ ದಿನವೇ ಕಾಕಾ ಹುಣಸಿಗಿಡದ ಸ್ಲ್ಯಾಬಿನ ಮೇಲೆ ಚೊಂಬು ಎತ್ತಿದರು.

"ಕಾಕಾ, ಇದಕ್ಕ ನೀರು ಬ್ಯಾಡ್ರಿ. ಸ್ಕ್ರೀನಿನಾಗ ಕೇಳಿಲ್ಲ."

"ಕೇಳಲಿಲ್ಲಂದ್ರ ಬಿಡೂದೇನ್ರಿ ಸಾಹೇಬ್ರ? ನನಗ ಯಾರೂ ಕೇಳೂದಿಲ್ಲ, ಆದ್ರೂ ದಿನಾ ಜಳಕಾ ಮಾಡ್ತೇನಿ."

"ಮಾಡಿದ್ರ ಬರ್ಯಾಕ ಜಾಗಾ ಇಲ್ರಿ. ಕೇಳಿದಷ್ಟ ಮಾಡ್ರಿ, ಕೈ ಮುಗೀತೇನಿ."

ಅವರು ಚೊಂಬು ಕೆಳಗಿಟ್ಟರು. "ಆತು. ನಿಮ್ಮ ಟಿವಿ ಹೇಳಿದಂಗ."

ಹತ್ತನೆಯ ದಿನ, ಲಾರಿಗೆ ಏರಿಸುವಾಗ ಹುಣಸಿಗಿಡದ ಸ್ಲ್ಯಾಬೊಂದು ನಡುವೆ ಸೀಳಿ ಎರಡಾಯಿತು. ಯಾರ ಕಾಲಿಗೂ ಬೀಳಲಿಲ್ಲ, ಅದೊಂದು ಪುಣ್ಯ. ಸಾವುಕಾರರು ಸ್ಕ್ರೀನ್ ತೆಗೆಸಿದರು. ಹಸಿರು ಟಿಕ್, ಪಕ್ಕದಲ್ಲಿ ಕಾಕಾನ ಹೆಸರು. ನಾನೇ ಕೂಡಿಸಿದ ಹೆಸರು.

"ಕಾಕಾಗ ಕಣ್ಣು ಮಂದ ಆಗ್ಯಾವ. ನಾಳಿಂದ ಮನ್ಯಾಗ ಇರಂತ ಹೇಳ್ರಿ."

ಕಾಕಾ ಬಾಗಿಲಲ್ಲೇ ನಿಂತಿದ್ದರು. ನಾನು ಸಾವುಕಾರರ ಎದುರಿಗೆ ಹೋಗಿ ನಿಂತೆ.

"ಅವರ ಕಣ್ಣು ಛಲೋ ಅದಾವ್ರಿ. ನೀರು ಹಾಕಬ್ಯಾಡ್ರಿ ಅಂದಾಂವ ನಾ. ಕೋಡ್ ಮಾಡಿದಾಂವನೂ ನಾ."

"ನಾಕ್ ದಿನ ಕುಂತು ಇದನ್ನ ಮಾಡಿದ್ರೇನು?"

"ಹೌದ್ರಿ."

ಸಾವುಕಾರರು ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದರು. "ಹಂಗಾದ್ರ ಕಾಕಾ ಇರ್ಲಿ. ನೀವು ಮೊದಲ ಇದನ್ನ ಸರಿ ಮಾಡ್ರಿ."

ಅಂದೇ ಎಲ್ಲ ಕಲ್ಲಿಗೂ ನೀರಿನ ಪರೀಕ್ಷೆ ಸೇರಿಸಿ ಹೊಸ ಕೋಡ್ ಮಾಡಿದೆ. ಹಳೆಯ ಒಂಬತ್ತು ಅಳಿಯಲಿಲ್ಲ. ಬೂದುಬಣ್ಣಕ್ಕೆ ತಿರುಗಿ ಪಟ್ಟಿಯ ಮೇಲ್ತುದಿಯಲ್ಲೇ ಕೂತವು. ಇಷ್ಟಾದರೂ ಮಾಡಿದೆನಲ್ಲ ಎಂದು ಕಾಕಾನ ಮುಖ ನೋಡಿದೆ.

"ಭಾಳ ಛಲೋ ಆತ್ರಿ," ಎಂದರು. "ಮತ್ತ ಒಂಬತ್ತು ದಿನ ನನ್ನ ಕೈಲೆ ಟಿಕ್ ಹೊಡಿಸಿ ಕಳಿಸಿದ ಕಲ್ಲು ಎಲ್ಲಿ ಅದಾವು?"

ಇಷ್ಟು ಚಿಂತೆ ಮಾಡುವವನಿಗೆ ಆ ಒಂದು ಚಿಂತೆ ಹೊಳೆದಿರಲಿಲ್ಲ. ಸಾಫ್ಟ್‌ವೇರ್ ಪಟ್ಟಿ ಕೊಟ್ಟಿತು: ಬಾಗಲಕೋಟೆ, ಬಾದಾಮಿ, ಕಮತಗಿ, ಕುಳಗೇರಿ ಕ್ರಾಸ್. ಎಲ್ಲಕ್ಕಿಂತ ಮೊದಲು ಹೋದ ಮಾಲು ಕುಳಗೇರಿ ಕ್ರಾಸಿನ ಅಂಗಡಿಯದು. ಮರುದಿನ ಕಾಕಾ ನಾನು ಇಬ್ಬರೂ ಅಲ್ಲಿಗೆ ಹೋದೆವು. ಸ್ಲ್ಯಾಬುಗಳು ಇನ್ನೂ ಗೋಡೆಗೆ ಒರಗಿ ನಿಂತಿದ್ದವು.

"ಏನ್ ಬೇಕಾಗಿತ್ರಿ?" ಎಂದರು ಅಂಗಡಿಯವರು.

"ಒಂದ ಕೊಡ ನೀರು," ಎಂದರು ಕಾಕಾ.

ಸುರಿದು, ಪಕ್ಕಪಕ್ಕದಲ್ಲಿ ನಿಂತೆವು. ಮೋಡ ಕವಿದಿತ್ತು, ಹಾಳು ನೀರು ಒಣಗಲೊಲ್ಲದು.