ಸುಳ್ಳು ಗುಂಡು ತುಂಬಿಕೊಡುವವರು

ಆಂಟಿಯ ಬಲಗೈಯಲ್ಲಿ, ಹೆಬ್ಬೆರಳು ತೋರುಬೆರಳು ಕೂಡುವ ಜಾಗದ ಚರ್ಮ ಹುಣಸೆಬೀಜದ ಅಗಲಕ್ಕೆ ಗಟ್ಟಿಯಾಗಿ, ಹುಣಸೆಬೀಜದ ಹಾಗೇ ಕಂದಾಗಿ ಹೊಳೆಯುತ್ತಿತ್ತು. ಉಳಿದಂತೆ ಅದು ಮೆತ್ತನೆಯ ಕೈ. ಮೊದಲ ಸಲ ನೋಡಿದವರು ದೋಸೆಕಾವಲಿ ತಾಗಿ ಸುಟ್ಟ ಗುರುತು ಅಂದುಕೊಳ್ಳುತ್ತಿದ್ದರು, ಅವರೂ ತಿದ್ದಲು ಹೋಗುತ್ತಿರಲಿಲ್ಲ. ಪಿಸ್ತೂಲಿನ ಹಿಡಿ ಪ್ರತಿ ಶನಿವಾರ ಒದ್ದು ಒದ್ದು ಮಾಡಿದ ಗಂಟು ಅದು ಎಂದು ಬುಕಿತ್ ಪಂಜಾಂಗ್‌ನ ನಮ್ಮ ಬ್ಲಾಕಿನಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ ಕಾಣೆ.

ನಾನು ಆಗ ಗದಗಿನ ಕಡೆಯಿಂದ ಪರದೇಶಕ್ಕೆ ಬಂದು ಜುರಾಂಗ್ ಐಲ್ಯಾಂಡಿನ ಒಂದು ರಿಫೈನರಿಗೆ ಸೇರಿಕೊಂಡವನು. ವಾರವೆಲ್ಲ ಕಂಪನಿ ಬಸ್ಸು, ಹೆಲ್ಮೆಟ್ಟು, ಬಾಡಿಗೆ ಕೋಣೆ. ಒಂದು ಸಂಜೆ ಎಲ್‌ಆರ್‌ಟಿ ರೈಲು ಸ್ಟೇಷನ್ನಿನಲ್ಲಿ ಅವ್ವನ ಜೊತೆ ಫೋನಿನಲ್ಲಿ ಮಾತಾಡಿ ಮುಗಿಸುತ್ತಿದ್ದ ಹಾಗೆ ಪಕ್ಕದಲ್ಲಿದ್ದ ಹೆಂಗಸು ಯಾವ ಊರು ಎಂದು ಕನ್ನಡದಲ್ಲೇ ಕೇಳಿದರು. ಅವರೇ ಈ ಆಂಟಿ, ಉಡುಪಿ ಕಡೆಯವರು, ಮನೆಯಲ್ಲಿ ತುಳು. ಪಾಸಿರ್ ಪಂಜಾಂಗ್‌ನ ಹಡಗು ಕಚೇರಿಯೊಂದರಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಶನಿವಾರ ಬಿಡುವುಂಟಾ ಎಂದರು. ದೇವಸ್ಥಾನಕ್ಕೋ ಭಜನೆಗೋ ಕರೆಯುತ್ತಿದ್ದಾರೆ ಎಂದುಕೊಂಡು ನಾನು ಉಂಟು ಅಂದುಬಿಟ್ಟೆ. ಹೆಸರು, ಗುರುತಿನ ಚೀಟಿಯ ನಕಲು ಎಲ್ಲ ಕೊಟ್ಟು, ಒಪ್ಪಿಗೆಗೆ ಕಾದು, ಕೊನೆಗೆ ಹೋಗಿ ನಿಂತದ್ದು ಪಿಸ್ತೂಲು ಗುರಿಕಾರರ ಕ್ಲಬ್ಬಿನ ರೇಂಜಿನಲ್ಲಿ, ಗುಂಡು ಹೊಡೆಯುವ ಜಾಗದಲ್ಲಿ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋಗಿದ್ದೆ. ಅದನ್ನು ನೋಡಿ ಅವರು, "ಎಂತ ಮಾರಾಯ, ಪೂಜೆಗೆ ಬಂದ ಹಾಗೆ ಬಂದಿದ್ದೀಯಲ್ಲ" ಎಂದು ನಕ್ಕರು.

ಈ ಊರಿನಲ್ಲಿ ಬಂದೂಕು ಮನೆಯಲ್ಲಿಟ್ಟುಕೊಳ್ಳುವ ವಸ್ತುವಲ್ಲ. ಪಿಸ್ತೂಲು ಕ್ಲಬ್ಬಿನ ಬೀಗದೊಳಗೇ ಇರುತ್ತದೆ. ಗುಂಡನ್ನು ಅಲ್ಲೇ ಪಡೆದು, ಅಲ್ಲೇ ಹೊಡೆದು, ಉಳಿದದ್ದನ್ನು ಅಲ್ಲೇ ಒಪ್ಪಿಸಬೇಕು. ಹಾರಿಬಿದ್ದ ಖಾಲಿ ತೋಟಾಗಳನ್ನೂ ಬಾಗಿ ಆರಿಸಿ ಹಿಂದಕ್ಕೆ ಕೊಡಬೇಕು. ಮಾವಿನ ಮರದಡಿ ಕಾಯಿ ಆಯುವವರಂತೆ ಆಂಟಿ ಸೊಂಟ ಹಿಡಿದುಕೊಂಡು ಆಯುತ್ತಿದ್ದರು.

ಗುರಿಗೆ ನಿಲ್ಲುವ ಮುಂಚೆ ಅವರದೊಂದು ಕ್ರಮವಿತ್ತು. ಬಲಗೈಯ ಎರಡು ಚಿನ್ನದ ಬಳೆಗಳನ್ನು ಬಿಚ್ಚಿ ಎಡಗೈಗೆ ಏರಿಸಿಕೊಳ್ಳುವುದು. ಆಮೇಲೆ ಎಡಗೈಯನ್ನು ಪ್ಯಾಂಟಿನ ಜೇಬಿಗೆ ಇಳಿಸುವುದು. ಹಳೆಯ ಪದ್ಧತಿಯವರು, ಒಂದೇ ಕೈಯಲ್ಲಿ ಹೊಡೆಯುತ್ತಿದ್ದರು. ಜೇಬಿನೊಳಗೆ ಬಳೆಗಳು ಒಮ್ಮೆ ಕಿಣಿ ಅನ್ನುತ್ತಿದ್ದವು. ಆಮೇಲೆ ಸದ್ದಿಲ್ಲ. ಆಮೇಲೆ ಗುಂಡು.

ಹೊಸಬರಿಗೆ ಕಲಿಸುವುದು ಅವರು ತಾವಾಗಿ ಹೊತ್ತುಕೊಂಡ ಕೆಲಸ. ಆ ಶನಿವಾರಗಳು ಬಿಟ್ಟರೆ ಅವರ ವಾರದಲ್ಲಿ ಮನುಷ್ಯರ ಮಾತು ಬಹಳ ಇರಲಿಲ್ಲ ಎಂದು ನನಗೆ ತಿಳಿದದ್ದು ನಿಧಾನವಾಗಿ. ಸೋಮವಾರದಿಂದ ಶುಕ್ರವಾರದವರೆಗೆ ಏನು ಮಾಡ್ತೀರಿ ಎಂದು ಒಮ್ಮೆ ಕೇಳಿದ್ದಕ್ಕೆ, ಶನಿವಾರಕ್ಕೆ ಕಾಯ್ತೇನೆ ಎಂದಿದ್ದರು. ತಮಾಷೆಗೆ ಹೇಳಿದರು ಎಂದುಕೊಂಡು ನಾನು ನಕ್ಕಿದ್ದೆ.

ಕ್ಲಬ್ಬಿನಲ್ಲಿ ಒಬ್ಬ ಚೀನೀ ಅಂಕಲ್ ಇದ್ದರು, ಕಟ್ಟಡ ಕಂಟ್ರಾಕ್ಟರು. ತಮಗೆ ಅರವತ್ತು ತುಂಬಿದ ಖುಷಿಗೆ ಆ ತಿಂಗಳು ಎಲ್ಲರ ಗುಂಡಿನ ಖರ್ಚು ತಮ್ಮದು ಎಂದು ಸಾರಿಬಿಟ್ಟರು. ಯಾವ ಕ್ಯಾಲಿಬರ್ ಬೇಕಾದರೂ ತಗೊಳ್ಳಿ, ಎಷ್ಟು ಬೇಕಾದರೂ ಹೊಡೀರಿ. ಕ್ಯಾಲಿಬರ್ ಅಂದರೆ ಗುಂಡಿನ ದಪ್ಪ. ದಪ್ಪ ಹೆಚ್ಚಿದ ಹಾಗೆ ಬೆಲೆಯೂ ಹೆಚ್ಚು, ಸಾಮಾನ್ಯವಾಗಿ ಒದೆತವೂ ಹೆಚ್ಚು. ಅಲ್ಲಿಯತನಕ ಖರ್ಚಿಗೆ ಹೆದರಿ ಸಣ್ಣ ಟ್ವೆಂಟಿಟು ಹಿಡಿದಿದ್ದವರೆಲ್ಲ ಮದುವೆ ಊಟದ ಪಂಕ್ತಿಗೆ ನುಗ್ಗಿದಂತೆ ಕೌಂಟರಿಗೆ ನುಗ್ಗಿದರು. ನಾನೂ ನುಗ್ಗಿದೆ. "ಟೇಕ್ ಬಿಗ್ ಒನ್ ಲಾ" ಎಂದು ಅಂಕಲ್ ಬೆನ್ನು ತಟ್ಟಿದರು. ಎಲ್ಲಕ್ಕಿಂತ ದಪ್ಪನೆಯ ಫಾರ್ಟಿಫೈವ್ ಹಿಡಿದು ಬಂದೆ.

ಆಂಟಿ ಪಿಸ್ತೂಲಿನ ಮ್ಯಾಗಜೀನು, ಅಂದರೆ ಗುಂಡು ಕೂರಿಸುವ ಗೂಡು, ಇಸಿದುಕೊಂಡು, ನನಗೆ ಬೆನ್ನು ತಿರುಗಿಸಿ ಗುಂಡು ತುಂಬಿ ಕೊಟ್ಟರು. ಮೊದಲನೆಯದು ಸಿಡಿಯಿತು, ತೋಳು ಭುಜದವರೆಗೆ ಜುಂ ಎಂದಿತು. ಎರಡನೆಯದಕ್ಕೆ ಟ್ರಿಗರ್ ಎಳೆದೆ. ಸಿಡಿಯಲಿಲ್ಲ, ಬರೀ ಟಕ್ ಎಂದಿತು. ಸಿಡಿಯದಿದ್ದರೂ ನನ್ನ ಪಿಸ್ತೂಲಿನ ಮೂತಿ ತಾನೇ ಗಬಕ್ಕನೆ ಕೆಳಗೆ ಬಗ್ಗಿತ್ತು.

ಅದೇ ಅವರ ಪರೀಕ್ಷೆ. ನಿಜವಾದ ಗುಂಡುಗಳ ನಡುವೆ ಎಲ್ಲೋ ಒಂದು ಮದ್ದಿಲ್ಲದ ಡಮ್ಮಿ ಸೇರಿಸಿಡುವುದು. ಅದನ್ನು ಅವರು ಸುಳ್ಳು ಗುಂಡು ಅನ್ನುತ್ತಿದ್ದರು. ನಿಜದ ಗುಂಡು ಸಿಡಿದಾಗ ಒದೆತದಲ್ಲಿ ಎಲ್ಲ ಮುಚ್ಚಿಹೋಗುತ್ತದೆ. ಸುಳ್ಳು ಗುಂಡು ಬಂದಾಗ ಮಾತ್ರ ಕೈ ಮುಂಚಿತವಾಗಿಯೇ ಬೆಚ್ಚುತ್ತಿದೆಯೋ ಇಲ್ಲವೋ ಬಯಲಾಗುತ್ತದೆ.

"ಗುಂಡಿನ ಖರ್ಚು ಅವರದ್ದು, ಸರಿ. ಕೈ ಯಾರದ್ದು?" ಎಂದರು.

ದೊಡ್ಡ ಗುಂಡಿಗೆ ಗುರಿಹಾಳೆಯಲ್ಲಿ ದೊಡ್ಡ ತೂತು, ದೊಡ್ಡ ತೂತಿನ ಅಂಚು ಒಳಗಿನ ಗೆರೆಗೆ ತಾಗಿದರೆ ಅಂಕ ಜಾಸ್ತಿ ಅಲ್ವಾ ಎಂದು ನಾನು ವಾದಕ್ಕಿಳಿದೆ. ಹೌದು, ಕೂದಲೆಳೆಯಷ್ಟು ಲಾಭ ಉಂಟು ಎಂದು ಒಪ್ಪಿಕೊಂಡರು. ಬೆಚ್ಚಿದರೆ ಒಂದು ಗೇಣು ನಷ್ಟ ಎಂದೂ ಹೇಳಿದರು. ಆಮೇಲೆ ಆ ತಿಂಗಳ ಶನಿವಾರಗಳಲ್ಲೆಲ್ಲ, ಪುಕ್ಕಟೆ ಗುಂಡಿನ ಪುಣ್ಯದಿಂದ, ನನ್ನನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದರು. ಫಾರ್ಟಿಫೈವ್ ಭಾರವಾಗಿ ನೂಕುತ್ತದೆ, ನೈನ್ ಎಂಎಂ ಚುರುಕಾಗಿ ಚಿಮ್ಮುತ್ತದೆ, ರಿವಾಲ್ವರಿನ ಥರ್ಟಿಎಯ್ಟ್‌ಗೆ ಮದ್ದು ಕಮ್ಮಿ ಹಾಕಿದ ಗುಂಡು ಸಿಕ್ಕರೆ ಅದು ಸಭ್ಯಸ್ಥ, ಥರ್ಟಿಟು ಅದಕ್ಕಿಂತ ಮೆತ್ತಗೆ. ಪ್ರತಿಯೊಂದರಲ್ಲೂ ಸುಳ್ಳು ಗುಂಡು ಇಟ್ಟು ಮೂತಿ ಬಗ್ಗುತ್ತದೆಯೇ ಎಂದು ನೋಡಿದರು. ನಿಯಮ ಒಂದೇ: ಬಗ್ಗಿದರೆ ಒಂದು ಮೆಟ್ಟಿಲು ಕೆಳಗೆ. ಯಾರಿಗೂ ರಿಯಾಯಿತಿ ಇಲ್ಲ. ಚೀನೀ ಅಂಕಲ್‌ಗೂ ಇರಲಿಲ್ಲ. ಅರವತ್ತರ ಸಂಭ್ರಮದಲ್ಲಿ ಅವರೂ ಟ್ವೆಂಟಿಟುಗೆ ಇಳಿದು ಮುಖ ಸಪ್ಪೆ ಮಾಡಿಕೊಂಡಿದ್ದರು. ನನ್ನ ಕೈ ನಿಂತದ್ದು ಥರ್ಟಿಟುವಿನಲ್ಲಿ. ಇಂದಿಗೂ ಅದೇ ಹೊಡೆಯುತ್ತೇನೆ.

"ಕಾಸಿಗೆ ಹೆದರಿ ಸಣ್ಣದು ಹೊಡೆಯುವವನು ಬೇರೆ. ಕಾಸು ಇದ್ದೂ ನನಗೆ ಇಷ್ಟೇ ಸಾಕು ಅಂತ ಗೊತ್ತಾಗಿ ಹೊಡೆಯುವವನು ಬೇರೆ" ಎಂದರು ಆ ದಿನ. ಅವರಿಗೂ ಖರ್ಚಿನ ಚಿಂತೆ ಇರಲಿಲ್ಲ. ಆದರೂ ಅವರದು ಮೊದಲಿಂದ ಗಂಡನ ಥರ್ಟಿಎಯ್ಟ್ ರಿವಾಲ್ವರು. ಇಬ್ಬರೂ ಸೇರಿ ಕಲಿತದ್ದಂತೆ. ಹಿಡಿಯ ಮರಕ್ಕೆ ಮೊದಲು ಗಂಡನ ಕೈಯ ಎಣ್ಣೆ ಹತ್ತಿತ್ತು, ಆಮೇಲೆ ಇವರದು.

ಹೊಡೆದಾದ ಮೇಲೆ ಟಿಫಿನ್ ಡಬ್ಬಿ ಬಿಚ್ಚುತ್ತಿದ್ದರು, ನೀರುದೋಸೆ, ಕಾಯಿಚಟ್ನಿ. ಅದಕ್ಕೂ ಮುಂಚೆ ಮೊಣಕೈವರೆಗೆ ಸೋಪು ಹಚ್ಚಿ ತಣ್ಣೀರಲ್ಲಿ ತೊಳೆದು ಬರಬೇಕು. ಕೈಗೆ ಅಂಟಿದ ಸೀಸ ಹೊಟ್ಟೆಗೆ ಹೋಗಬಾರದು ಎಂದು. ನನ್ನ ಕೈ ಮೂಸಿ ನೋಡಿ, ಮದ್ದಿನ ವಾಸನೆ ಇದ್ದರೆ ಮತ್ತೆ ಕಳಿಸುತ್ತಿದ್ದರು. ಅವ್ವನ ನಂತರ ನನ್ನ ಕೈ ಮೂಸಿ ನೋಡಿದವರು ಅವರೊಬ್ಬರೇ.

ಒಂದು ಶನಿವಾರ ಡಬ್ಬಿಯ ಮುಚ್ಚಳ ತೆಗೆಯಲು ಅವರಿಂದ ಆಗಲಿಲ್ಲ. ನನ್ನ ಕಡೆ ತಳ್ಳಿದರು, ನಾನು ತೆಗೆದುಕೊಟ್ಟೆ. ಹೆಬ್ಬೆರಳಿನ ಬುಡದ ಕೀಲು ಸವೆದಿದೆ ಎಂದು ಡಾಕ್ಟರು ಹೇಳಿದ್ದನ್ನು ಬೇರೆ ಯಾರದೋ ಸುದ್ದಿ ಎಂಬಂತೆ ಹೇಳಿದರು. ಅಷ್ಟರಲ್ಲಿ ಅವರ ಗುರಿಹಾಳೆಯಲ್ಲಿ ತೂತುಗಳು ಕೆಳಗಡೆಗೆ ಜಾರುತ್ತಿದ್ದದ್ದು ನನಗೂ ಕಂಡಿತ್ತು, ಕ್ಲಬ್ಬಿನವರಿಗೂ ಕಂಡಿತ್ತು. ಯಾರೂ ಆ ಮಾತು ಎತ್ತಿರಲಿಲ್ಲ. ಕಲಿಸಿದವರಿಗೆ ಹೇಳುವುದು ಹೇಗೆ?

ದೋಸೆ ಮುಗಿಸಿ ಕೈ ಒರೆಸಿಕೊಳ್ಳುತ್ತ ಅವರೇ ಎತ್ತಿದರು. ಗಂಡ ಇದ್ದಾಗ ತನಗೆ ಸುಳ್ಳು ಗುಂಡು ತುಂಬಿಕೊಡುತ್ತಿದ್ದದ್ದು ಗಂಡನೇ, ಅವರು ಹೋದ ಮೇಲೆ ಯಾರೂ ತುಂಬಿಕೊಟ್ಟಿಲ್ಲ ಎಂದರು. ನಾನು ದಡ್ಡನ ಹಾಗೆ, ರಿವಾಲ್ವರಲ್ಲವೇ, ನೀವೇ ಸುಳ್ಳು ಗುಂಡು ಸೇರಿಸಿ ಕಣ್ಣುಮುಚ್ಚಿ ಗುಂಡಿನ ಉರುಳೆ ತಿರುಗಿಸಿಕೊಳ್ಳಬಹುದಲ್ಲ ಎಂದೆ.

"ತಿರುಗಿಸಬಹುದು ಮಾರಾಯ. ನೋಡುವುದು ಯಾರು? ಬೆಚ್ಚುವ ಹೊತ್ತಿಗೆ ಬೆಚ್ಚಿದವಳ ಕಣ್ಣು ಮುಚ್ಚಿರ್ತದೆ. ಪಕ್ಕದಲ್ಲಿ ನಿಂತವರಿಗೇ ಕಾಣುವುದು ಅದು." ಡಬ್ಬಿಯ ಮುಚ್ಚಳವನ್ನು ನನ್ನ ಕಡೆ ಸರಿಸಿ, "ನಿನಗೆ ಇಷ್ಟು ಕಲಿಸಿದ್ದು ಸುಮ್ಮನೆ ಅಂದುಕೊಂಡ್ಯಾ? ನನಗೂ ಒಬ್ಬ ಬೇಕಿತ್ತು" ಎಂದರು.

ಮುಂದಿನ ಶನಿವಾರ ಅವರು ಬಳೆ ಬಿಚ್ಚಿ ಎಡಗೈಗೆ ಏರಿಸಿದರು. ರಿವಾಲ್ವರನ್ನು ನನ್ನ ಕೈಗೆ ಕೊಟ್ಟು ಮುಖ ಆಚೆ ತಿರುಗಿಸಿದರು. ನಾನು ಉರುಳೆಯ ಕೆಲವು ಮನೆಗಳಿಗೆ ನಿಜದ ಗುಂಡು, ಉಳಿದವಕ್ಕೆ ಸುಳ್ಳಿನದು ತುಂಬಿ ಉರುಳೆ ಮುಚ್ಚಿದೆ. ಎಲ್ಲ ನಿಜದ್ದೇ ತುಂಬಿಬಿಡಲೇ ಅನ್ನಿಸಿತ್ತು. ತುಂಬಿದ್ದರೆ ಆ ದಿನ ಏನೂ ಬಯಲಾಗುತ್ತಿರಲಿಲ್ಲ. ಆದರೆ ಅವರು ಕಾಯುತ್ತಿದ್ದ ಶನಿವಾರ ಅದಲ್ಲ ಎಂದೂ ಗೊತ್ತಿತ್ತು.

ಜೇಬಿನಲ್ಲಿ ಬಳೆ ಕಿಣಿ ಎಂದಿತು. ಮೊದಲನೆಯದು ಸಿಡಿಯಿತು. ಎರಡನೆಯದು ಟಕ್ ಎಂದಿತು.

ಮೂತಿ ಬಗ್ಗಿತು. ಸ್ವಲ್ಪವಲ್ಲ.

ಅವರು ತಿರುಗಿ ನೋಡಲಿಲ್ಲ. ಗುರಿಯ ಕಡೆಗೇ ಮುಖವಿಟ್ಟು, "ಎಂತ ಆಯ್ತು?" ಎಂದು ಕೇಳಿದರು. ಕಂಪನಿಯ ಬೆಂಗಳೂರಿನವರ ಜೊತೆ ಆಡಿ ಆಡಿ ನನ್ನ ಮಾತು ಆ ಊರಿನದಾಗಿಬಿಟ್ಟಿತ್ತು. ಆ ಹೊತ್ತಿಗೆ ಮಾತ್ರ ಬಾಯಿಗೆ ಬಂದದ್ದು ಗದಗಿನ ಮಾತು.

"ಬಗ್ಗಿತ್ರಿ, ಆಂಟಿ" ಎಂದೆ.

"ಸರಿ. ಒಂದು ಮೆಟ್ಟಿಲು ಕೆಳಗೆ" ಎಂದರು. ರಿವಾಲ್ವರಿನ ಉರುಳೆ ಹೊರಗೆ ತೆಗೆದು ಖಾಲಿ ಮಾಡಿ ಮೇಜಿನ ಮೇಲಿಟ್ಟರು. ಹಿಡಿಯ ಮೇಲೆ ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಮತ್ತೆ ಅದನ್ನು ಅವರು ಹೊಡೆಯಲಿಲ್ಲ.

ಥರ್ಟಿಟು ಕೆಲವು ತಿಂಗಳು ನಡೆಯಿತು. ಟ್ವೆಂಟಿಟು ಇನ್ನೂ ಸ್ವಲ್ಪ ಕಾಲ. ಪ್ರತಿ ಸಲ ತುಂಬಿಕೊಟ್ಟವನು ನಾನೇ, ಹೇಳಿದವನೂ ನಾನೇ. ಮನೆಗೆ ಬಂದು ಊಟ ಮಾಡದೆ ಮಲಗಿದ ಶನಿವಾರಗಳು ಇದ್ದವು. ಗಾಳಿಪಿಸ್ತೂಲಿಗೆ ಒದೆತವಿಲ್ಲ, ಅದನ್ನಾದರೂ ಹಿಡಿಯಿರಿ ಎಂದು ನಾನೇ ಒತ್ತಾಯ ಮಾಡಿದೆ. ಅದರ ಭಾರಕ್ಕೆ ಮಣಿಕಟ್ಟು ಸೋತು ತೋಳು ತಾನಾಗಿ ಕೆಳಗಿಳಿಯಿತು. ಅದಕ್ಕಿಂತ ಕೆಳಗೆ ಮೆಟ್ಟಿಲಿರಲಿಲ್ಲ. ಅವರು ಎಡಗೈಯಿಂದ ಎರಡು ಬಳೆ ಬಿಚ್ಚಿ, ನೋವಿಗೆ ತುಟಿ ಕಚ್ಚಿಕೊಂಡು, ಬಲಗೈಗೆ ಹಾಕಿಕೊಂಡರು. ಸಹಾಯಕ್ಕೆ ಕೈ ಚಾಚಿದೆ, ಬೇಡ ಅಂದರು.

ಆಮೇಲೂ ಶನಿವಾರ ಬರುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಕಿವಿಗೆ ಸದ್ದು ತಡೆಯುವ ಮಫ್ ಹಾಕಿ ಕೂತು ನನ್ನ ಪಿಸ್ತೂಲಿನ ಮೂತಿಯನ್ನೇ ನೋಡುತ್ತಿದ್ದರು. ಡಬ್ಬಿಯ ಮುಚ್ಚಳ ನಾನು ತೆಗೆಯುತ್ತಿದ್ದೆ. ಆಮೇಲೆ ಬಸ್ಸು ಹತ್ತುವುದು ಕಷ್ಟವಾಯಿತು. ನಾನು ಅವರ ಮನೆಗೆ ಹೋದರೆ, ಬಂದ ಕೂಡಲೇ ಕೇಳುವುದು ಒಂದೇ ಪ್ರಶ್ನೆ, ಬಗ್ಗಿತಾ? ಅಭ್ಯಾಸಬಲದಿಂದ ಕೈಯನ್ನೂ ಮೂಸುತ್ತಿದ್ದರು.

ಅವರು ಹೋದದ್ದು ಆಸ್ಪತ್ರೆಯಲ್ಲಿ, ಕೆಲವೇ ದಿನಗಳ ನ್ಯುಮೋನಿಯಾದಲ್ಲಿ. ಮಂಡಾಯಿಯ ಚಿತಾಗಾರಕ್ಕೆ ಬಂದವರು ಊರಿಂದ ಹಾರಿಬಂದ ಅವರ ಅಣ್ಣನ ಮಗ, ಚೀನೀ ಅಂಕಲ್, ಕ್ಲಬ್ಬಿನ ಇನ್ನಿಬ್ಬರು, ಹಡಗು ಕಚೇರಿಯ ಹಳೆಯ ಗೆಳತಿ, ನಾನು. ಅಣ್ಣನ ಮಗನಿಗೆ ಅತ್ತೆ ಪಿಸ್ತೂಲು ಹೊಡೆಯುತ್ತಿದ್ದರೆಂದು ಅಲ್ಲಿ ನಿಂತಾಗಲೇ ತಿಳಿದದ್ದು. ಆ ಹುಡುಗ ಅವರ ಬಲಗೈಯ ಗಂಟನ್ನು ಬಹಳ ಹೊತ್ತು ನೋಡಿದ. "ಅಕ್ಕಿರೊಟ್ಟಿ ಕಾವಲಿ ತಾಗಿದ್ದು ಅಂತಿದ್ರು" ಎಂದ.

ಅವರದೊಂದು ನೆನಪಿನ ವಸ್ತು ಇಟ್ಟುಕೊಳ್ಳೋಣವೆಂದರೆ ನಮ್ಮ ಕ್ಲಬ್ಬಿನಿಂದ ಒಂದು ಖಾಲಿ ತೋಟಾವನ್ನೂ ಜೇಬಿಗಿಳಿಸುವಂತಿಲ್ಲ. ಥರ್ಟಿಎಯ್ಟ್ ರಿವಾಲ್ವರು ಕಾಗದಪತ್ರ ಮುಗಿಸಿಕೊಂಡು ಎಲ್ಲಿಗೋ ಹೋಯಿತು. ಟಿಫಿನ್ ಡಬ್ಬಿ ಕೇಳಬಹುದಿತ್ತು. ಕೇಳಲಿಲ್ಲ, ಅದರ ಮುಚ್ಚಳ ಯಾರಿಗಾಗಿ ತೆಗೆಯಲಿ?

ಈಗ ಹೊಸಬರಿಗೆ ನಾನು ಕಲಿಸುತ್ತೇನೆ. ಬೆನ್ನು ತಿರುಗಿಸಿ ತುಂಬಿಕೊಡುತ್ತೇನೆ, ಮೂತಿ ನೋಡುತ್ತೇನೆ, ಇದ್ದದ್ದನ್ನು ಹೇಳುತ್ತೇನೆ. ನನ್ನ ಸಂಬಳ ಏರಿದೆ, ಗುಂಡಿಗೆ ಕೊರತೆಯಿಲ್ಲ. ಯಾವ ಕ್ಯಾಲಿಬರ್ ಬೇಕು ಎಂದು ಕೌಂಟರಿನವನು ಕೇಳಿದರೆ ಥರ್ಟಿಟು ಎನ್ನುತ್ತೇನೆ. ಹೋದ ಶನಿವಾರ ನನ್ನ ಹಾಳೆಯಲ್ಲಿ ಎರಡು ತೂತು ಕೆಳಗಿದ್ದವು. ಕೈ ಬೆಚ್ಚುತ್ತಿದೆಯೋ, ಕಣ್ಣು ಮಂಜಾಗಿದೆಯೋ, ಗೊತ್ತಿಲ್ಲ. ಸುಳ್ಳು ಗುಂಡನ್ನು ಅಂಗೈಯಲ್ಲಿಟ್ಟುಕೊಂಡು ಅಕ್ಕಪಕ್ಕ ನೋಡಿದೆ. ಎಲ್ಲರೂ ಒಳ್ಳೆಯವರೇ, ಕೇಳಿದ್ದರೆ ತುಂಬಿಕೊಡುತ್ತಿದ್ದರು. ಬಗ್ಗಿತು ಎಂದು ಹೇಳುವವರು ಕಾಣಲಿಲ್ಲ. ಅದನ್ನು ಡಬ್ಬಕ್ಕೆ ಹಾಕಿ, ಬಾಗಿ, ಖಾಲಿ ತೋಟಾಗಳನ್ನು ಆರಿಸತೊಡಗಿದೆ. ಮೊಣಕೈವರೆಗೆ ಸೋಪು ಹಚ್ಚಿ ತಣ್ಣೀರಲ್ಲಿ ತೊಳೆದೆ. ಆಮೇಲೆ ಕೈಯನ್ನು ನಾನೇ ಮೂಸಿ ನೋಡಿದೆ.