ಅಕ್ಷರದ ಬನೀನು

ಎಸ್ಸೆಸ್ಸೆಲ್ಸಿಯ ಇಂಗ್ಲಿಷನ್ನು ಎರಡನೇ ಸಲಕ್ಕೆ ಪಾಸು ಮಾಡಿಕೊಂಡವನು ನಾನು. ಅಂಥವನು ಒಂದು ಕಾಲದಲ್ಲಿ ತಿಪಟೂರಿನ ಪೇಟೆಬೀದಿಯಲ್ಲಿ ಇಂಗ್ಲಿಷ್ ಪಂಡಿತ ಅನ್ನಿಸಿಕೊಂಡಿದ್ದೆ ಅಂದರೆ ನೀವು ನಂಬಲಿಕ್ಕಿಲ್ಲ. ಆ ಪಾಂಡಿತ್ಯಕ್ಕೆ ಕಾರಣ ಬನೀನು.

ಎಂಬತ್ತರ ಆಸುಪಾಸಿನ ಮಾತು. ನಮ್ಮದು ಅಪ್ಪನ ಕಾಲದಿಂದ ಬಂದ ಜವಳಿ ಅಂಗಡಿ. ಪಂಚೆ, ಟವಲು, ಲಂಗದ ಬಟ್ಟೆ, ಮಕ್ಕಳ ಚಡ್ಡಿ, ಇಷ್ಟೇ ನಮ್ಮ ಪ್ರಪಂಚ. ತಿರುಪ್ಪೂರಿನ ಏಜೆಂಟನೊಬ್ಬ ಒಮ್ಮೆ ಬಿಳಿ ಬನೀನಿನ ಜೊತೆಗೆ ಬಣ್ಣದ ಬನೀನಿನ ಕಟ್ಟೊಂದನ್ನು ಇಳಿಸಿ ಹೋದ. ಎರಡು ಮೂರು ವರ್ಷದ ಮಕ್ಕಳಿಗೆ ಆಗುವಂಥವು. ಎಲ್ಲದರ ಎದೆಯ ಮೇಲೂ ಇಂಗ್ಲಿಷಿನಲ್ಲಿ ಏನೇನೋ ಬರಹ. ಟೀ ಶರ್ಟ್ ಎನ್ನುವ ಹೆಸರು ನಮ್ಮ ಕಡೆ ಇನ್ನೂ ಬಸ್ಸು ಇಳಿದಿರಲಿಲ್ಲ. ಜನ ಅದಕ್ಕೆ ಅಕ್ಷರದ ಬನೀನು ಅಂದರು.

ಬಟ್ಟೆ ಕೊಳ್ಳಲು ಬಂದವರು ಮೊದಲು ಬಟ್ಟೆ ಮುಟ್ಟಿ ನೋಡುತ್ತಾರೆ, ಆಮೇಲೆ ಬಣ್ಣ ಹೋಗುತ್ತಾ ಅಂತ ಕೇಳುತ್ತಾರೆ. ಈ ಬನೀನು ಬಂದ ಮೇಲೆ ಎಲ್ಲರೂ ಕೇಳಿದ್ದು ಒಂದೇ, ‘ಏನ್ ಬರ್ದವ್ರೆ ಇದ್ರಲ್ಲಿ?’ ನಾನು ಓದಿ ಕನ್ನಡದಲ್ಲಿ ಹೇಳಬೇಕು. ಒಂದರಲ್ಲಿ ‘ನಾನೇ ಯಜಮಾನ’ ಅಂತಿತ್ತು, ಇನ್ನೊಂದರಲ್ಲಿ ‘ನಮ್ಮಪ್ಪನೇ ಜಗತ್ತಿನಲ್ಲಿ ಜೋರು’ ಅಂತ. ಯಜಮಾನ ಅನ್ನುವುದನ್ನು ಕೇಳಿದ ಅಪ್ಪಂದಿರು ಸ್ವಲ್ಪ ಹೊತ್ತು ಬನೀನು ನೋಡಿ, ಆಮೇಲೆ ಮಗುವನ್ನು ನೋಡಿ, ಬೇರೆ ತೋರಿಸಿ ಅನ್ನುತ್ತಿದ್ದರು. ಅಮ್ಮಂದಿರು ಅದನ್ನೇ ಆರಿಸುತ್ತಿದ್ದರು.

ಅಭಿಪ್ರಾಯಗಳಿಗೇನು ಬರವಿರಲಿಲ್ಲ. ಮಾಯಸಂದ್ರದ ಕಡೆಯ ಒಬ್ಬ ಕೊಬ್ಬರಿ ವ್ಯಾಪಾರಿ, ಹರಾಜು ಮುಗಿಸಿಕೊಂಡು ಮೊಮ್ಮಗನ ಜೊತೆ ಬಂದವರು, ‘ಮೂಟೆಗೆ ಮಾರ್ಕ್ ಹಾಕ್ತೀವಿ, ಯಾರ ಮಾಲು ಅಂತ ಗೊತ್ತಾಗ್ಲಿ ಅಂತ. ಮಗೀಗೆ ಯಾಕ್ರೀ?’ ಅಂದರು. ತುರುವೇಕೆರೆಯ ಒಬ್ಬ ತಾಯಿಗೆ ಬೇರೆ ಚಿಂತೆ. ಅಕ್ಷರ ಅಂದರೆ ಸರಸ್ವತಿ. ಮಗು ಮಣ್ಣಲ್ಲಿ ಹೊರಳುತ್ತೆ, ಉಚ್ಚೆ ಹುಯ್ದುಕೊಳ್ಳುತ್ತೆ, ಪಾಪ ಯಾರಿಗೆ? ಅದು ಇಂಗ್ಲಿಷ್ ಅಕ್ಷರ ಅಂತ ನಾನು ಸಮಾಧಾನ ಹೇಳಿದೆ. ಇಂಗ್ಲಿಷ್ ಓದುವವರಿಗೂ ಅವಳೇ ತಾನೇ ಸರಸ್ವತಿ ಅಂತ ಆಕೆ ಕೇಳಿದಾಗ ನಾನು ಬನೀನು ಮಡಿಸಿ ಒಳಗಿಟ್ಟೆ. ರಿಟೈರಾದ ಮೇಷ್ಟ್ರೊಬ್ಬರಂತೂ, ಓದಲು ಬಾರದವನ ಎದೆಯ ಮೇಲೆ ಬರೆಯುವುದು ನಿದ್ದೆ ಮಾಡುವವನಿಗೆ ಮೀಸೆ ಬಿಡಿಸಿದ ಹಾಗೆ ಅಂದು, ಟವಲು ಮಾತ್ರ ತೆಗೆದುಕೊಂಡು ಹೋದರು.

ಯೋಚಿಸಿದರೆ ಮೈಮೇಲೆ ಬರೆಯುವುದು ನಮಗೇನು ಹೊಸತಲ್ಲ. ನಮ್ಮಜ್ಜಿಯ ಮುಂಗೈಯಲ್ಲಿ ಹಚ್ಚೆಯಿತ್ತು. ದೇವರ ಹೆಸರು ಅಚ್ಚಾದ ಶಲ್ಯ ಹೊದ್ದವರನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ. ಲಾರಿಗೂ ಹಿಂದೆ ಬರಹವಿರುತ್ತದೆ, ಅದಕ್ಕೂ ಓದಲು ಬರುವುದಿಲ್ಲ. ಆದರೆ ಲಾರಿಯನ್ನು ಯಾರೂ ಎತ್ತಿ ಮುದ್ದಾಡುವುದಿಲ್ಲವಲ್ಲ. ತೊಂದರೆ ಶುರುವಾಗುವುದು ಅಲ್ಲಿ.

ಆ ಕಟ್ಟಿನಲ್ಲಿ ಒಂದು ನಮೂನೆಯನ್ನು ನಾನು ಎಲ್ಲದರ ಕೆಳಗೆ ಸೇರಿಸಿಟ್ಟಿದ್ದೆ. ‘ದಯವಿಟ್ಟು ನನಗೆ ಮುತ್ತು ಕೊಡಬೇಡಿ’ ಅಂತ ಅದರ ಅರ್ಥ. ಹೆಣ್ಣುಮಕ್ಕಳ ಮುಂದೆ ಇದನ್ನು ಕನ್ನಡದಲ್ಲಿ ಹೇಳುವುದು ಹೇಗೆ? ಯಾರಾದರೂ ಎಳೆದು ತೆಗೆದರೆ, ‘ಅದು ಸೈಜು ಆಗಲ್ಲ ಬಿಡಿ’ ಅಂತ ಜಾರಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಬಿಳಿಗೆರೆಯ ಗಿರಿಜ ಬಂದಳು. ಅವಳ ಗಂಡನ ಮನೆಯವರು ನಮ್ಮ ಹಳೇ ಗಿರಾಕಿಗಳು, ತೋಟದ ಜನ. ಸೊಂಟದ ಮೇಲೆ ಮಗಳು ಉಮಾ, ಆಗಿನ್ನೂ ಮಾತು ತೊದಲುವ ವಯಸ್ಸು. ಗಿರಿಜ ಒಂದೊಂದೇ ಬನೀನು ಎತ್ತಿ ಅರ್ಥ ಕೇಳಿದಳು. ಯಜಮಾನ ಬೇಡ, ಜೋರಿನ ಅಪ್ಪ ಬೇಡ. ಕೊನೆಗೆ ಅಡಿಯಲ್ಲಿದ್ದ ಹಳದಿ ಬನೀನು ಅವಳ ಕೈಗೆ ಬಂತು.

‘ಇದ್ರಲ್ಲಣ್ಣ?’

‘ಅದು ಸೈಜು ಆಗಲ್ಲಮ್ಮ.’

ಅವಳು ಅದನ್ನು ಮಗುವಿನ ಬೆನ್ನಿಗೆ ಹಿಡಿದು ನೋಡಿದಳು. ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ಬೇರೆ ದಾರಿ ಕಾಣದೆ, ಮೇಲಿನ ಕಪಾಟು ನೋಡುತ್ತಾ ಅರ್ಥ ಹೇಳಿದೆ. ನಗುತ್ತಾಳೆ, ಇಲ್ಲವೇ ಕೆಳಗೆ ಹಾಕುತ್ತಾಳೆ ಅಂದುಕೊಂಡಿದ್ದೆ. ಅವಳು ಎರಡೂ ಮಾಡಲಿಲ್ಲ.

‘ದಿಟವಾಗ್ಲೂ ಹಂಗೇ ಬರ್ದೈತಾ?’

‘ಹೂಂನಮ್ಮ.’

‘ಹಂಗಾರೆ ಇದೇ ಕೊಡಿ’ ಅಂದು, ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದ್ದನ್ನು ನೋಡಿಕೊಂಡು ದನಿ ತಗ್ಗಿಸಿದಳು. ‘ನಮ್ಮತ್ತೇಗೆ ಟಿಬಿ ಅಂತೆ ಅಣ್ಣ. ಇಲ್ಲೇ ಆಸ್ಪತ್ರೇಲಿ ಇಂಜೆಕ್ಷನ್ ಕೊಡ್ತಾವ್ರೆ. ಮಗೀನ ಮುದ್ದಾಡೋಕೆ ಬುಡಬ್ಯಾಡಿ ಅಂತ ಡಾಕ್ಟ್ರು ಗಂಡ ಹೆಂಡ್ತಿ ಇಬ್ರನ್ನೂ ಒಳಕ್ಕೆ ಕರ್ದು ಹೇಳಿದ್ರು. ನೀವು ಹೇಳಿ ಅಂದ್ರೆ ನಮ್ಮನೆಯೋರು, ನಮ್ಮವ್ವನಿಗೆ ನಾನೆಂಗೆ ಹೇಳ್ಲಿ ಅಂತಾರೆ. ನಾನು ಹೇಳಿದ್ರೆ ಸೊಸೆ ಮಾತು. ಮನೆ ಮುರಿಯೋಳು ಅಂತಾರೆ.’

‘ಅಲ್ಲಮ್ಮ, ನಿಮ್ಮತ್ತೆಗೆ ಇಂಗ್ಲಿಷ್ ಬರುತ್ತಾ?’

‘ಕನ್ನಡಾನೇ ಓದೋಕೆ ಬರಲ್ಲ.’

‘ಮತ್ತೆ?’

ಅವಳು ಬನೀನು ಮಡಿಸುತ್ತಾ, ‘ಹೇಳ್ದಂಗೂ ಆಯ್ತು, ಅವ್ರಿಗೆ ಕೇಳಿಸ್ದೇ ಇದ್ದಂಗೂ ಆಯ್ತು’ ಅಂದಳು.

ತಮಾಷೆಗೆಂದು ಯಾರೋ ಅಚ್ಚು ಹಾಕಿದ ಮಾತು ಬಿಳಿಗೆರೆಯ ಒಂದು ಮನೆಯಲ್ಲಿ ಡಾಕ್ಟರ ಚೀಟಿಯ ಕೆಲಸ ಮಾಡಲು ಹೊರಟಿತ್ತು. ಅದೂ ಓದಲು ಬಾರದವರ ಮುಂದೆ. ಪ್ರಯೋಜನವೇನು ಅಂತ ನನಗೆ ಅನ್ನಿಸಿತು. ಆದರೆ ಗಿರಾಕಿಯ ಉಪಾಯಕ್ಕೆ ಅಡ್ಡ ಮಾತಾಡುವುದು ಅಂಗಡಿಯವನ ಧರ್ಮವಲ್ಲ.

ಕೆಲವು ವಾರಗಳಾದ ಮೇಲೆ ಆ ಅತ್ತೆಯೇ, ಸಿದ್ದಮ್ಮ, ನಮ್ಮ ಜಗಲಿಯ ಮೇಲೆ ಬಂದು ಕೂತರು. ಇಂಜೆಕ್ಷನ್ ಆಗಿತ್ತು. ಗಿರಿಜ ಮಾತ್ರೆ ತರಲು ಮೆಡಿಕಲ್ ಸ್ಟೋರಿಗೆ ಹೋಗಿದ್ದಳು. ಹಳದಿ ಬನೀನು ತೊಟ್ಟ ಉಮಾ ಜಗಲಿಯ ಆ ತುದಿಯಲ್ಲಿ ದಾರ ಮುಗಿದ ಖಾಲಿ ರೀಲು ಉರುಳಿಸುತ್ತಿದ್ದಳು. ಸಿದ್ದಮ್ಮ ಈ ತುದಿಯಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು. ಗಂಡಸರ ಮುಂದಿನ ಸಂಕೋಚ ಅಂತ ನಾನು ತಿಳಿದೆ. ನಾನು ಒಳಗೆ ಹೋದ ಮೇಲೂ ಸೆರಗು ಇಳಿಯಲಿಲ್ಲ.

‘ಏನಪ್ಪ, ಆ ಮಗೀನ ಬನೀನಲ್ಲಿ ಏನು ಬರ್ದೈತೆ?’

ಒಳ್ಳೆ ಮಗು ಅಂತ ಬರ್ದೈತೆ ಅಂದುಬಿಡಬಹುದಿತ್ತು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು. ಇದ್ದದ್ದನ್ನೇ ಹೇಳಿದೆ.

ಸಿದ್ದಮ್ಮ ತಲೆಯಾಡಿಸಿದರು. ‘ಅಂಗೇ ಏನೋ ಇರಬೇಕು ಅನ್ಕಂಡೆ. ಆಸ್ಪತ್ರೆ ಬಾಗ್ಲಲ್ಲಿ ಕುಂತಿದ್ದೋಳಿಗೆ ಕಿವಿ ಕೇಳಿಸಲ್ವೇನಪ್ಪ? ಡಾಕ್ಟ್ರು ಅಂದಿದ್ದು ನಂಗೂ ಕೇಳಿಸ್ತು. ಅವತ್ತಿಂದ ಮಗೀನ ಕೆನ್ನೆ ಹತ್ರಕ್ಕೆ ನಾನು ಮೂತಿ ತಗಂಡೋಗಿಲ್ಲ. ಮಗ ಹೇಳ್ಲಿಲ್ಲ, ಸೊಸೆ ಹೇಳ್ಲಿಲ್ಲ. ಹೇಳೋಕೆ ಅವ್ರಿಗೆ ಕಷ್ಟ. ಗೊತ್ತು ಅಂತ ನಾನಂದ್ರೆ ಇನ್ನೂ ಕಷ್ಟ. ಸುಮ್ಕಿದ್ದೀನಿ.’

ಮೊಮ್ಮಗಳ ಬನೀನಿನ ಕಡೆ ಕೈ ತೋರಿಸಿ, ‘ಇಂಥದ್ದೇ ಇನ್ನೊಂದು ಐತಾ?’ ಅಂದರು.

ನನಗೆ ಅರ್ಥವಾಗಲಿಲ್ಲ. ಆಕೆಯೇ ಬಿಡಿಸಿ ಹೇಳಿದರು. ಆ ಬನೀನು ಮೈಮೇಲಿದ್ದರೆ ಗಿರಿಜಳಿಗೆ ಅದೇನೋ ಧೈರ್ಯ. ಮಗು ಪಡಸಾಲೆಯಲ್ಲಿ ಅಜ್ಜಿಯ ಕಣ್ಣ ಮುಂದೆ ಆಡಿಕೊಂಡಿರಲು ಬಿಡುತ್ತಾಳೆ. ಬನೀನು ಒಗೆದು ಹಾಕಿದ ದಿನ ಮಾತ್ರ ಮಗುವನ್ನು ಎತ್ತಿಕೊಂಡು ಹಿತ್ತಲು, ತೋಟ ಅಂತ ಸುತ್ತುತ್ತಾಳೆ. ಒಳಗೆ ಕರೆತರುವುದಿಲ್ಲ. ‘ಜಡಿಮಳೆ ಹಿಡಿದ್ರಂತೂ ಬಟ್ಟೆ ಒಣಗೋದೇ ಇಲ್ಲ ಕಣಪ್ಪ. ಎರಡಿದ್ರೆ ದಿನಾ ನೋಡಬೌದು.’

ಕಟ್ಟಿನ ಅಡಿಯಲ್ಲಿ ಅದೇ ನಮೂನೆಯ ನೀಲಿ ಬನೀನೊಂದು ಉಳಿದಿತ್ತು. ಕಾಗದದಲ್ಲಿ ಸುತ್ತುತ್ತಿರುವಾಗ ಗಿರಿಜ ಬಂದಳು. ಬನೀನು ನೋಡಿದಳು, ನನ್ನನ್ನು ನೋಡಿದಳು.

‘ಇದ್ಯಾಕತ್ತೆ?’

‘ಅದನ್ನ ಒಗೆದ ದಿನಕ್ಕೆ ಕಣೇ’ ಅಂದರು ಸಿದ್ದಮ್ಮ. ‘ಓದಿಸ್ಕಂಡೆ. ಚೆನ್ನಾಗಿ ಬರ್ದವ್ರೆ.’

ಗಿರಿಜ ನಮ್ಮ ಅಂಗಡಿಯ ಟವಲಿನ ಸಾಲನ್ನು ಬಹಳ ಹೊತ್ತು ನೋಡುತ್ತಾ ನಿಂತಳು. ಕೊಳ್ಳುವ ನೋಟವಾಗಿರಲಿಲ್ಲ. ಆಮೇಲೆ ಪೊಟ್ಟಣ ತೆಗೆದುಕೊಂಡು, ಮಗುವನ್ನು ಎತ್ತಿಕೊಂಡು, ಅತ್ತೆಗೆ ಇನ್ನೊಂದು ಕೈ ಕೊಟ್ಟು ಜಗಲಿಯಿಂದ ಇಳಿಸಿದಳು. ಬಸ್ ಸ್ಟ್ಯಾಂಡಿನ ಕಡೆ ಹೋಗುವಾಗ ಅತ್ತೆ ಏನೋ ಹೇಳುತ್ತಿದ್ದರು, ಸೊಸೆ ಕೇಳಿಸಿಕೊಳ್ಳುತ್ತಿದ್ದಳು.

ಆಮೇಲೆ ಅವರ ಮನೆಯಲ್ಲಿ ಉಪಾಯಗಳ ಅಗತ್ಯ ಬೀಳಲಿಲ್ಲ ಅಂತ ಗಿರಿಜಳೇ ಒಮ್ಮೆ ಹೇಳಿದಳು. ಅತ್ತೆಯ ತಟ್ಟೆ ಲೋಟ ಬೇರೆ, ಹಾಸಿಗೆ ಬೇರೆ; ಎಲ್ಲ ಬಾಯಿ ಬಿಟ್ಟು ಮಾತಾಡಿಕೊಂಡೇ ಮಾಡಿದರಂತೆ. ಗಿರಿಜಳ ಗಂಡನಿಗೆ ಮಾತ್ರ ಈ ಬನೀನಿನ ವಿಷಯ ಕೊನೆತನಕ ತಿಳಿಯಲಿಲ್ಲ. ಅವನಿಗೆ ಅದು ಹಳದಿ ಬನೀನು, ನೀಲಿ ಬನೀನು, ಅಷ್ಟೆ.

ಇಂಜೆಕ್ಷನ್ನು, ಮಾತ್ರೆ ಎಲ್ಲ ಮುಗಿಯಲು ಬಹಳ ಕಾಲ ಹಿಡಿಯಿತು. ಅಷ್ಟರಲ್ಲಿ ಎರಡೂ ಬನೀನು ಉಮಾಗೆ ಗಿಡ್ಡವಾಗಿದ್ದವು. ಗುಣವಾಯಿತು, ಇನ್ನು ಭಯವಿಲ್ಲ ಅಂತ ಡಾಕ್ಟರು ಹೇಳಿದ ದಿನ ಸಿದ್ದಮ್ಮ ಮೊಮ್ಮಗಳ ಕೈ ಹಿಡಿದು ನೇರ ನಮ್ಮ ಅಂಗಡಿಗೆ ಬಂದರು. ಬಾಯಿಯ ಮೇಲೆ ಸೆರಗಿರಲಿಲ್ಲ. ಆಕೆಯ ಮುಖವನ್ನು ನಾನು ಪೂರ್ತಿಯಾಗಿ ನೋಡಿದ್ದು ಅವತ್ತೇ. ಮುಂದಿನ ಹಲ್ಲೊಂದು ಇರಲಿಲ್ಲ.

‘ಬನೀನು ಕೊಡಪ್ಪ, ಏನೂ ಬರೀದೇ ಇರೋದು.’

ಹುಡುಕಿದೆ. ಆ ಹೊತ್ತಿಗೆ ಕಾಲ ಬದಲಾಗಿತ್ತು. ಆ ಅಳತೆಯಲ್ಲಿ ಬರಹವಿಲ್ಲದ ಬನೀನು ಒಂದೂ ಇರಲಿಲ್ಲ. ಇದ್ದದ್ದು ಕೆಂಪಿನದೊಂದೇ. ಸಂಕೋಚದಿಂದಲೇ ಮುಂದಿಟ್ಟೆ.

‘ಇದ್ರಲ್ಲೇನೈತೆ?’

‘ನಾನು ತುಂಟಿ ಅಂತಮ್ಮ.’

ಸಿದ್ದಮ್ಮ ತಿರುಗಿ ನೋಡಿದರು. ಉಮಾ ಅಷ್ಟರಲ್ಲಿ ಬಟ್ಟೆ ಅಳೆಯುವ ಗಜಕಡ್ಡಿಯನ್ನು ಕುದುರೆ ಮಾಡಿಕೊಂಡು, ಹಾಸಿದ್ದ ಪಂಚೆಯ ಮೇಲೆ ಎರಡು ಸುತ್ತು ಓಡಿಸಿಯಾಗಿತ್ತು.

‘ಇದು ದಿಟ’ ಅಂದರು ಆಕೆ. ‘ಕಟ್ಟಿಕೊಡು.’

ನಮ್ಮ ಅಂಗಡಿಗೆ ಅಕ್ಷರದ ಬನೀನಿಗೆಂದು ಬಂದವರಲ್ಲಿ, ಬರೆದದ್ದು ನಿಜವೋ ಸುಳ್ಳೋ ಅಂತ ನೋಡಿ ಕೊಂಡವರು ಅವರೊಬ್ಬರೇ.