ಅತ್ತೆ ಹತ್ತದ ಆರು ಸಿಲಿಂಡರ್ ಗಾಡಿ

ಆಂಡರ್ಸನ್‌ಪೇಟೆಯ ನಮ್ಮ ಮನೆಗೆ ಎರಡು ಕೊಟ್ಟಿಗೆ. ಒಂದರಲ್ಲಿ ಹಸುಗಳು, ಇನ್ನೊಂದರಲ್ಲಿ ಕಾರು. ಹಸುಗಳಾದರೂ ಎರಡು ಹೊತ್ತು ಹಾಲು ಕೊಡುತ್ತವೆ, ಇದೇನು ಕೊಡುತ್ತದೆ ಎಂದು ನನ್ನ ಅತ್ತೆ ಕೇಳದ ದಿನವಿಲ್ಲ.

ಕಾರು ಮಾವನವರದು. ಅವರು ಪ್ರಾಯದಲ್ಲಿ ಚಿನ್ನದ ಗಣಿಯ ಬಂಗಲೆಗಳಿಗೆ ದಿನವೂ ವರ್ತನೆ ಹಾಲು ಹಾಕುತ್ತಿದ್ದರು. ಅಲ್ಲಿದ್ದ ಇಂಗ್ಲಿಷ್ ಅಧಿಕಾರಿಯೊಬ್ಬ ಊರಿಗೆ ಹೊರಟಾಗ ತನ್ನ ಆರು ಸಿಲಿಂಡರಿನ ಕಾರನ್ನು ಹಾಲಿನವನಿಗೇ ಮಾರಿ ಹೋದ. ಉದ್ದ ಮೂತಿ, ದುಂಡು ಮಡ್‌ಗಾರ್ಡು, ಒಳಗೆ ಮಂಚದಷ್ಟು ಅಗಲದ ಸೀಟು. ಮನೆಯವರೆಲ್ಲ ಅದನ್ನು ದೊಡ್ಡ ಗಾಡಿ ಎನ್ನುತ್ತಿದ್ದರು. ಅತ್ತೆ ಮಾತ್ರ ಅದರ ಹೆಸರನ್ನೇ ಎತ್ತುತ್ತಿರಲಿಲ್ಲ, ‘ಅದು’ ಎನ್ನುತ್ತಿದ್ದರು.

ಕಾರಣ ಊರಿಗೆಲ್ಲ ಗೊತ್ತಿತ್ತು. ಅತ್ತೆಯ ತವರು ಬಂಗಾರಪೇಟೆ. ಮದುವೆಯಾದ ದಿನ ಹೊಸ ಹೆಣ್ಣನ್ನು ಈ ಕಾರಿನಲ್ಲಿ ಮನೆದುಂಬಿಸಲು ಕರೆತರುವಾಗ ಅರ್ಧ ದಾರಿಯ ಹುಣಸೆಮರದ ಹತ್ತಿರ ಅದು ಕೆಮ್ಮಿ ನಿಂತುಬಿಟ್ಟಿತು. ಕೊನೆಗೆ ಹೆಣ್ಣು ಬಂದದ್ದು ರಾಗಿ ಹುಲ್ಲು ಹೇರಿಕೊಂಡು ಬರುತ್ತಿದ್ದ ಎತ್ತಿನ ಗಾಡಿಯಲ್ಲಿ. ಅವತ್ತಿನಿಂದ ಅತ್ತೆ ಅದನ್ನು ಹತ್ತಿರಲಿಲ್ಲ. ತವರಿಗೆ ಹೋಗುವುದಾದರೆ ಮಾರಿಕುಪ್ಪಂ ರೈಲು, ಅದು ತಪ್ಪಿದರೆ ಬಸ್ಸು. ಅಲ್ಲಿ ಹೋದರೆ ಅವರ ತಮ್ಮ ಬಾಗಿಲಲ್ಲೇ ನಿಂತು, ‘ಅಕ್ಕಾ, ಎತ್ತಿಗೆ ನೀರು ಕುಡಿಸ್ಲಾ?’ ಎಂದು ಕೇಳುತ್ತಿದ್ದರು. ಆಗ ಚಡ್ಡಿ ಹಾಕಿದ್ದ ತಮ್ಮನಿಗೆ ಈಗ ಮೊಮ್ಮಕ್ಕಳಾಗಿವೆ, ಕೇಳುವುದು ಮಾತ್ರ ಬಿಟ್ಟಿಲ್ಲ.

ನಾನು ಹಾವೇರಿ ಕಡೆಯವಳು. ಇಲ್ಲಿನ ಕಾರ್ಖಾನೆಯ ಎಲೆಕ್ಟ್ರಿಕಲ್ ವಿಭಾಗಕ್ಕೆ ಕೆಲಸಕ್ಕೆಂದು ಬಂದು ಈ ಮನೆಯ ಸೊಸೆಯಾದೆ. ಬಂದ ಹೊಸದರಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ತರಕಾರಿಯವಳ ಹತ್ತಿರ ತೆಲುಗು ಕೇಳಿ ತಬ್ಬಿಬ್ಬಾಗಿ ಕೂತಿದ್ದವಳನ್ನು ಮಾವನವರು ಕೊಟ್ಟಿಗೆಗೆ ಕರೆದು ಕೈಗೆ ಸ್ಪ್ಯಾನರು ಕೊಟ್ಟರು. ನಾನು ಡ್ರೈವಿಂಗ್ ಕಲಿತದ್ದು ದೊಡ್ಡ ಗಾಡಿಯಲ್ಲೇ. ಹಿಂದಿನ ಸೀಟಿನ ಎಡಗಡೆ ಮಾತ್ರ ಅವರು ಯಾರನ್ನೂ ಕೂರಿಸುತ್ತಿರಲಿಲ್ಲ. ‘ಅದು ನಿಮ್ಮತ್ತೆದು’ ಎನ್ನುತ್ತಿದ್ದರು. ಆ ಸೀಟು ಖಾಲಿಯಿರುವಾಗಲೇ ತೀರಿಕೊಂಡರು. ನನಗೆ ಅದನ್ನು ಸಹಿಸಲಾಗಲಿಲ್ಲ, ಈಗಲೂ ಆಗುವುದಿಲ್ಲ.

ಮಾವ ಕಲಿಸಿದ ಇನ್ನೊಂದು ವಿದ್ಯೆ ಒದ್ದೆ ಬಟ್ಟೆಯದು. ಈ ಕಾರಿನ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿತ್ತು. ಬಿಸಿಲಲ್ಲಿ ದಿಣ್ಣೆ ಹತ್ತಿದರೆ ಪಂಪು ಕಾದು, ಒಳಗಿನ ಪೆಟ್ರೋಲು ಆವಿಯಾಗಿ, ಗಾಡಿ ನಿಂತೇಬಿಡುತ್ತಿತ್ತು. ಅದಕ್ಕೆ ಮನೆಯ ಮದ್ದು ಎಂದರೆ ಅದೇ ಹುಣಸೆಮರದ ನೆರಳಲ್ಲಿ ನಿಲ್ಲಿಸಿ, ಬಾನೆಟ್ ಎತ್ತಿ, ಪಂಪಿಗೆ ಸುತ್ತಿದ ಬಟ್ಟೆಯ ಮೇಲೆ ತಾಮ್ರದ ಚೆಂಬಿನಿಂದ ನೀರು ಹೊಯ್ಯುವುದು. ಮಾವನವರ ಈ ಕ್ರಮವನ್ನು ನನ್ನ ಗಂಡ ದೇವರ ಪೂಜೆಗಿಂತ ಶ್ರದ್ಧೆಯಿಂದ ಮುಂದುವರಿಸಿದರು. ಗಾಡಿ ಬಿಸಿಯಾಗಿರಲಿ ಬಿಡಲಿ, ಹುಣಸೆಮರ ಬಂತೆಂದರೆ ಅವರ ಕಾಲು ತಾನಾಗಿ ಬ್ರೇಕ್ ಒತ್ತುತ್ತಿತ್ತು.

ಹೋದ ವರ್ಷ ನಾನು ನಿವೃತ್ತಳಾದೆ. ಅದೇ ಹೊತ್ತಿಗೆ ರಾಬರ್ಟ್‌ಸನ್‌ಪೇಟೆಯ ಮದುವೆ ಛತ್ರದವರು ಕಾರನ್ನು ಕೇಳಿಕೊಂಡು ಬಂದರು. ಬಾಗಿಲ ಮುಂದೆ ನಿಲ್ಲಿಸಿ ಹೂವಿನಿಂದ ಸಿಂಗರಿಸಿದರೆ ಗಂಡು ಹೆಣ್ಣು ಫೋಟೋ ತೆಗೆಸಿಕೊಳ್ಳುತ್ತಾರಂತೆ. ಅತ್ತೆಗೆ ಬಹಳ ಖುಷಿಯಾಯಿತು.

“ಕೊಟ್ಬುಡ್ಲಾ,” ಎಂದರು ಮಗನಿಗೆ. “ನಿಂತ್ಕಳಾದು ಅದುಕ್ಕೆ ಚೆನ್ನಾಗಿ ಬತ್ತದೆ. ಅಲ್ಲೇ ನಿಂತಿರ್ಲಿ.”

ಗಾಡಿಗೆ ನೀರು ಹೊಯ್ದು ಹೊಯ್ದು ಗಂಡನೂ ಸೋತಿದ್ದರು. ಆ ಬೇಸಿಗೆಯಲ್ಲಿ ಬಂಗಾರಪೇಟೆಯಲ್ಲಿ ಅತ್ತೆಯ ತಮ್ಮನ ಮನೆಯಲ್ಲಿ ಮೊಮ್ಮಗುವಿನ ನಾಮಕರಣವಿತ್ತು. “ಅಮ್ಮ ಅದಕ್ಕೆ ಈ ಗಾಡಿಯಲ್ಲಿ ಬಂದರೆ ಇಟ್ಟುಕೊಳ್ಳೋಣ. ಬರದಿದ್ದರೆ ಛತ್ರಕ್ಕೆ ಕೊಡೋಣ,” ಎಂದರು. ನನಗೆ ಮೈಯೆಲ್ಲ ಉರಿಯಿತು. ಅಷ್ಟು ವರ್ಷ ಕಾರ್ಖಾನೆಯಲ್ಲಿ ಮನೆಯಷ್ಟೆತ್ತರದ ಯಂತ್ರಗಳಿಗೆ ವೈರ್ ಎಳೆದವಳು ಒಂದು ಕಾರಿಗೆ ಸೋಲುವುದೇ? ಆಗಲಿ ಎಂದೆ.

ರಾಬರ್ಟ್‌ಸನ್‌ಪೇಟೆಯ ಮೆಕ್ಯಾನಿಕ್ ಗಾಡಿಯನ್ನು ಒಂದು ಸುತ್ತು ನೋಡಿ, “ಅಕ್ಕಾ, ಇದುಕ್ಕೆ ಒಂದು ಡೀಸೆಲ್ ಇಂಜಿನ್ ಕೂರ್ಸಿ ಬುಡಣ. ತಲೆನೋವೇ ಇರಲ್ಲ,” ಎಂದ.

“ನಿನ್ನ ತಲೆ ನೋಯುತ್ತದೆ ಎಂದು ತಲೆಯನ್ನೇ ಬದಲಾಯಿಸುತ್ತೀಯಾ?” ಎಂದೆ. ಆರು ಸಿಲಿಂಡರಿನ ಎಂಜಿನ್ನು ಚಾಲೂ ಆದಾಗ ಬರುವ ಶಬ್ದ ನನಗೆ ಗೊತ್ತು. ಗಡಗಡ ಇಲ್ಲ, ನಡುಕ ಇಲ್ಲ. ರಾಗಿಕಲ್ಲು ಬೀಸಿದ ಹಾಗೆ ಒಂದೇ ಸಮನೆ ಗುರ್ ಎನ್ನುತ್ತದೆ. ಅದನ್ನು ಕಿತ್ತು ಹಾಕುವುದಾದರೆ ಛತ್ರದವರಿಗೇ ಕೊಡಬಹುದಲ್ಲ!

ಆತ ಒಳ್ಳೆಯವನು, ಜಗಳಗಂಟ. ನಾನೂ ಕಡಿಮೆಯಿಲ್ಲ. ಹೀಗೆ ಜಗಳವಾಡುತ್ತಲೇ ಕೆಲಸ ಸಾಗಿತು. ಎಂಜಿನ್ನಿಗೆ ಅಂಟಿದ್ದ ಪಂಪನ್ನು ತೆಗೆದು, ಕರೆಂಟಿನಿಂದ ನಡೆಯುವ ಪಂಪನ್ನು ಹಿಂದೆ ಟ್ಯಾಂಕಿನ ಪಕ್ಕ, ಬಿಸಿ ತಾಗದ ಕಡೆ ಕೂರಿಸಿದೆವು. ಈಗಿನ ಪೆಟ್ರೋಲಿಗೆ ಹಳೆಯ ರಬ್ಬರ್ ಪೈಪುಗಳು ಅಂಟಂಟಾಗಿ ಕರಗುತ್ತಿದ್ದವು, ಅವನ್ನೆಲ್ಲ ಬದಲಾಯಿಸಿದೆವು. ಹಗಲಲ್ಲೂ ತೂಕಡಿಸುತ್ತಿದ್ದ ಡೈನಮೊ ಹೋಗಿ ಬ್ಯಾಟರಿ ತುಂಬಲು ಆಲ್ಟರ್ನೇಟರ್ ಬಂತು. ಕಿಡಿ ಹುಟ್ಟಿಸಲು ಗಳಿಗೆಗೊಮ್ಮೆ ಉಜ್ಜಬೇಕಾಗಿದ್ದ ಪಾಯಿಂಟುಗಳ ಜಾಗಕ್ಕೆ ಎಲೆಕ್ಟ್ರಾನಿಕ್ ಇಗ್ನಿಷನ್. ವೈರಿಂಗನ್ನಂತೂ ನಾನು ಯಾರಿಗೂ ಮುಟ್ಟಲು ಬಿಡಲಿಲ್ಲ, ಕೊಟ್ಟಿಗೆಯಲ್ಲಿ ಚಾಪೆ ಹಾಸಿಕೊಂಡು ನಾನೇ ಎಳೆದೆ. ಪಕ್ಕದ ಕೊಟ್ಟಿಗೆಯ ಹಸು ಕತ್ತು ಚಾಚಿ ಒಂದು ಸಲ ಕೆಂಪು ವೈರನ್ನು ಮೆಲ್ಲಲು ನೋಡಿತು.

ದೊಡ್ಡ ಜಗಳ ನಡೆದದ್ದು ಥರ್ಮೋಸ್ಟ್ಯಾಟಿಗೆ. ಎಂಜಿನ್ನಿನ ನೀರು ಹದಕ್ಕೆ ಕಾಯುವ ತನಕ ತಡೆದಿಟ್ಟು ಆಮೇಲೆ ಬಿಡುವ ಸಣ್ಣ ಬಾಗಿಲು ಅದು. ನಮ್ಮ ಕಡೆಯ ಮೆಕ್ಯಾನಿಕ್ಕುಗಳು ಗಾಡಿ ಕೈಗೆ ಬಂದ ಕೂಡಲೇ ಅದನ್ನು ಕಿತ್ತೆಸೆಯುತ್ತಾರೆ, ಸೆಖೆಯ ಊರಿಗೆ ಬಾಗಿಲು ಯಾಕೆ ಎಂದು. ದೊಡ್ಡ ಗಾಡಿಯದನ್ನೂ ಯಾರೋ ಪುಣ್ಯಾತ್ಮ ಎಂದೋ ಎಸೆದಿದ್ದ. ನೀರು ತಣಿಸುವ ರೇಡಿಯೇಟರಿಗೆ ಹೊಸ ಒಳಜಾಲರಿ ಹಾಕಿಸಿ, ಕರೆಂಟ್ ಫ್ಯಾನು ಕೂರಿಸಿ, ಥರ್ಮೋಸ್ಟ್ಯಾಟನ್ನೂ ಇಡಲೇಬೇಕು ಎಂದು ನಾನು ಹಟ ಹಿಡಿದೆ. “ಇಟ್ರೆ ಕುದಿತದೆ ಅಕ್ಕಾ, ಆಮೇಲೆ ನನ್ನ ಬಯ್ಯಂಗಿಲ್ಲ,” ಎಂದ. ಇಟ್ಟೆವು. ಕುದಿಯಲಿಲ್ಲ. ಬಯ್ಯುವ ಅವಕಾಶ ತಪ್ಪಿತಲ್ಲ ಎಂದು ಸ್ವಲ್ಪ ಬೇಜಾರಾಯಿತು.

ಬ್ರೇಕನ್ನು ಗಟ್ಟಿ ಮಾಡಿಸಿ, ಸೀಟುಗಳಿಗೆ ಬೆಲ್ಟ್ ಹಾಕಿಸಿದೆ. ಏಸಿ ಹಾಕಿಸೋಣ ಎಂದು ಗಂಡ ರಾಗ ಎಳೆದಾಗ, ಕಿಟಕಿ ಇಳಿಸಿಕೊಳ್ಳಿ ಎಂದೆ. ಹಾರನ್ನು, ಮೀಟರು, ಸ್ಟೀರಿಂಗ್ ಎಲ್ಲವೂ ಮಾವನವರು ಬಿಟ್ಟುಹೋದ ಹಾಗೇ ಇವೆ.

ಮೊದಲ ಸವಾರಿಗೆ ಬಂಗಾರಪೇಟೆಗೆ ಹೋಗಿ ಬರೋಣವೆಂದು ಹೊರಟೆವು. ಗಂಡ ಓಡಿಸುತ್ತಿದ್ದರು. ಹೋಗುವಾಗ ಗಾಡಿ ನೀರು ಕುಡಿದಷ್ಟು ಸಲೀಸಾಗಿ ಹೋಯಿತು. ಬರುವಾಗ ಮಟಮಟ ಮಧ್ಯಾಹ್ನ. ನನಗೆ ಒಂದು ಸಣ್ಣ ಜೊಂಪು. ಎಚ್ಚರವಾದಾಗ ಗಾಡಿ ನಿಂತಿತ್ತು, ಬಾನೆಟ್ ಎದ್ದಿತ್ತು, ಅದರ ಹಿಂದಿನಿಂದ ನೀರು ಸುರಿಯುವ ಶಬ್ದ ಬರುತ್ತಿತ್ತು. ಹುಣಸೆಮರ!

“ರೀ, ಏನ್ರೀ ಮಾಡ್ತಿದ್ದೀರಿ?”

“ಪಂಪಿಗೆ ನೀರು...” ಎಂದವರು ಅಲ್ಲಿಗೇ ನಿಂತರು. ಕೈಯಲ್ಲಿ ಖಾಲಿ ಚೆಂಬು. ಅಲ್ಲಿ ಪಂಪೇ ಇರಲಿಲ್ಲ. ಚೆಂಬಿನ ನೀರೆಲ್ಲ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ನೆತ್ತಿಯ ಮೇಲೆ ಅಭಿಷೇಕವಾಗಿತ್ತು. ಗಾಡಿ ಎಷ್ಟು ಕೇಳಿಕೊಂಡರೂ ಏಳಲಿಲ್ಲ. ನಾನು ಬಾಯಿಗೆ ಬಂದಂತೆ ಬೈಯುತ್ತ ಅದರ ಮುಚ್ಚಳ ಬಿಚ್ಚಿ, ಸೆರಗಿನಿಂದ ಒರೆಸಿ, ಬಿಸಿಲಿಗೆ ಒಣಗಿಸಿ ಮತ್ತೆ ಹಾಕಿದ ಮೇಲೆ ಎದ್ದಿತು. ಅಷ್ಟರಲ್ಲಿ ನಮ್ಮನ್ನು ದಾಟಿ ಹೋದ ಹಾಲಿನ ವ್ಯಾನಿನವನು ಮನೆಗೆ ಸುದ್ದಿ ಮುಟ್ಟಿಸಿಯಾಗಿತ್ತು.

ಅತ್ತೆ ಜಗಲಿಯ ಮೇಲೆ ಕಡಲೆಕಾಯಿ ಬಿಡಿಸುತ್ತ ಕೂತಿದ್ದರು. “ಬಂದ್ರಾ? ನಾನು ಎತ್ತು ಕಳಿಸಾನ ಅಂತಿದ್ದೆ,” ಎಂದರು. ತಪ್ಪು ಗಾಡಿಯದಲ್ಲ, ನಿಮ್ಮ ಮಗನದು ಎಂದು ನಾನು ವಿವರಿಸಿದ್ದಕ್ಕೆ, “ಅವತ್ತೂ ಇಂಗೇ ಏಳಿದ್ರು ಕಣಮ್ಮ,” ಎಂದು ಒಳಗೆ ಹೋದರು.

ಆಮೇಲೆ ಗಂಡನನ್ನು ಸ್ಟೀರಿಂಗಿನ ಹತ್ತಿರ ಸೇರಿಸಲಿಲ್ಲ. ಕ್ಯಾಸಂಬಳ್ಳಿಯಿಂದ ತರಕಾರಿ, ಬಂಗಾರಪೇಟೆಯಿಂದ ಹಿಂಡಿ ಎಂದು ನೆಪ ಹುಡುಕಿಕೊಂಡು ನಾನೇ ಓಡಾಡಿದೆ. ಬೇಕೆಂದೇ ಸುಡು ಮಧ್ಯಾಹ್ನ ಹೊರಡುತ್ತಿದ್ದೆ. ಗಾಡಿ ಒಂದು ಸಲವೂ ಕೈ ಕೊಡಲಿಲ್ಲ. ಅತ್ತೆ ಮಾತ್ರ ಬಗ್ಗಲಿಲ್ಲ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂದು, ಒಂದು ದಿನ ನಾಮಕರಣಕ್ಕೆ ಕರೆಯಲು ಹೊರಟಿದ್ದ ಅವರ ತಮ್ಮನನ್ನೇ ಬಂಗಾರಪೇಟೆಯಿಂದ ಗಾಡಿಯಲ್ಲಿ ಕರೆತಂದೆ. ಅವರು ಬಾಗಿಲಲ್ಲಿ ಇಳಿದು ಪಂಚೆ ಸರಿಮಾಡಿಕೊಳ್ಳುತ್ತ, “ಅಕ್ಕಾ, ನಿನ್ ಗಾಡಿಯಾಗೆ ನಾನು ಬಂದೆ. ಸುಖವಾಗೈತೆ. ನಿಂಗೆ ಎತ್ತಿಂದೇ ಕಳಿಸ್ಲಾ?” ಎಂದರು.

ಅತ್ತೆಯ ಮುಖ ಕೆಂಪಾಯಿತು. “ಅಂಗಾರೆ ನಾನೂ ಬತ್ತೀನಿ ಓಗ್ಲಾ,” ಎಂದರು.

ನಾಮಕರಣದ ದಿನ ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ಅದೇ ತಾಮ್ರದ ಚೆಂಬಿನ ತುಂಬ ನೀರು ಹಿಡಿದು ಅತ್ತೆ ಹೊರಗೆ ಬಂದರು. ಹಿಂದಿನ ಸೀಟಿನ ಎಡಗಡೆ ತಾವಾಗಿಯೇ ಹೋಗಿ ಕೂತರು. ನಾನು ಕೀಲಿ ತಿರುಗಿಸಿದೆ. ಗಂಡ ನನ್ನ ಪಕ್ಕದಲ್ಲಿ ಕೈ ಕಟ್ಟಿಕೊಂಡು, ದಾರಿಯುದ್ದಕ್ಕೂ ಉಸಿರು ಬಿಗಿಹಿಡಿದಿದ್ದರು. ಹುಣಸೆಮರ ಕಾಣಿಸಿತು. ದೇವರೇ, ದಾಟಿಸಿಬಿಡು ಎಂದು ನಾನು ಆಕ್ಸಿಲರೇಟರ್ ಒತ್ತುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

“ನಿಲ್ಸು.”

“ಅತ್ತೆ, ಗಾಡಿ ಚೆನ್ನಾಗಿದೆ—”

“ನಿಲ್ಸು ಅಂದ್ನಲ್ಲ.”

ನಿಲ್ಲಿಸಿ ಎಂಜಿನ್ ಆರಿಸಿದೆ. ಅತ್ತೆ ಚೆಂಬು ಹಿಡಿದು ಇಳಿದು, ಬಾನೆಟ್ಟಿನ ಮುಂದೆ ಹೋಗಿ ನಿಂತರು. ನಾನೂ ಗಂಡನೂ ಒಟ್ಟಿಗೆ ಕೂಗಿಕೊಂಡೆವು, “ಹೊಯ್ಯಬೇಡಿ!” ಅತ್ತೆ ನಮ್ಮಿಬ್ಬರನ್ನೂ ಒಂದು ಥರ ನೋಡಿ, ಚೆಂಬೆತ್ತಿ ಗಟಗಟ ನೀರು ಕುಡಿದರು.

ಆಮೇಲೆ ಬಾಯಿ ಒರೆಸಿಕೊಂಡು ಹೇಳಿದರು: “ಅವತ್ತು ನನ್ನ ಒಬ್ಳನ್ನೇ ಎತ್ತಿನ ಗಾಡಿಗೆ ಅತ್ತಿಸಿ, ನಿಮ್ಮಾವ ಇದುನ್ನ ಕಾಯ್ಕಂಡು ಇಲ್ಲೇ ಕುಂತ್ಕಂಡ್ರು. ಗಂಡ ಇಲ್ದೆ ಒಸ ಎಣ್ಣು ಒಸ್ಲು ದಾಟಂಗಿಲ್ಲ ಅಂದ್ರು ಮನೆ ದೊಡ್ಡೋರು. ಅಕ್ಕಿ ಸೇರು ಮುಂದೆ ಇಕ್ಕಂಡು ಬೀದಿ ಜನ ನೋಡ್ತಾ ಇರಂಗೆ ವತ್ತು ಮುಳುಗೋ ತಂಕ ಜಗಲಿ ಮ್ಯಾಲೆ ಕುಂತಿದ್ದೆ. ಗಾಡಿ ನಿಂತಿದ್ಕೆ ಯಾರು ಸಿಟ್ಟಾಗ್ತಾರೆ? ಅವ್ರು ನನ್ ಜತೆ ಬರ್ಲಿಲ್ಲ ಕಣಮ್ಮ.”

ಊರೆಲ್ಲ ನಕ್ಕದ್ದು ಎತ್ತಿನ ಗಾಡಿಯ ಕಥೆಗೆ, ಜಗಲಿಯ ಕಥೆ ಯಾರ ನೆನಪಿನಲ್ಲೂ ಉಳಿದಿರಲಿಲ್ಲ. ಮಾವನವರ ಮೇಲೆ ನನಗೆ ಮೊದಲ ಬಾರಿಗೆ ಕೋಪ ಬಂತು, ಅದರ ಬೆನ್ನಿಗೇ ಅಳು ಬಂತು. ಅತ್ತೆ ಅಷ್ಟರಲ್ಲಿ ಹತ್ತಿ ಕೂತಿದ್ದರು. “ಊಂ, ಈಗ ಒರಡಿಸು ನೋಡಾನ,” ಎಂದರು. ಕಾದ ಎಂಜಿನ್ನು, ಮೇಲೆ ನೆತ್ತಿಯ ಬಿಸಿಲು. ಕೀಲಿ ಮುಟ್ಟಿದೆ. ದೊಡ್ಡ ಗಾಡಿ ಒಂದೇ ಸಲಕ್ಕೆ ಗುರ್ ಎಂದು ಎದ್ದಿತು. ಕನ್ನಡಿಯಲ್ಲಿ ನೋಡಿದರೆ ಅತ್ತೆ ಕಿಟಕಿಯಾಚೆ ಮುಖ ಮಾಡಿ ನಗುತ್ತಿದ್ದರು.

ತವರಿನ ಬಾಗಿಲಲ್ಲಿ ತಮ್ಮ ಬಾಯಿ ತೆಗೆಯುವ ಮೊದಲೇ, “ರೇಡಿಯೇಟ್ರಿಗೆ ನೀರು ಬ್ಯಾಡ, ನಂಗೊಂದು ಲೋಟ ಮಜ್ಜಿಗೆ ತತ್ತಾ,” ಎಂದರು.

ಸಂಜೆ ಮನೆಗೆ ಬಂದೆವು. ಅತ್ತೆಯನ್ನು ಬಾಗಿಲಲ್ಲಿ ಇಳಿಸಿ, ಗಾಡಿಯನ್ನು ಕೊಟ್ಟಿಗೆಗೆ ಬಿಟ್ಟು, ಮಾವನವರ ಹಳೆಯ ಗೋಣಿತಾಟು ಹೊದಿಸಿ ಬರುವಷ್ಟರಲ್ಲಿ ಅವರು ಒಳಗೆ ಹೋಗಿ ಕಾಲು ಚಾಚಿರುತ್ತಾರೆ ಎಂದುಕೊಂಡಿದ್ದೆ. ಹೋಗಿರಲಿಲ್ಲ. ಹೊಸ್ತಿಲ ಈಚೆಗೆ ನಿಂತು ಕೊಟ್ಟಿಗೆಯ ಕಡೆಗೇ ನೋಡುತ್ತಿದ್ದರು.

“ಯಾಕತ್ತೆ, ಒಳಗೆ ಹೋಗಲಿಲ್ಲವಾ?”

“ಬಂತಾ ಅದು?”

“ಬಂತು.”

“ಸರಿ,” ಎಂದು ಅತ್ತೆ ಸೆರಗು ಸರಿಮಾಡಿಕೊಂಡು, ಬಲಗಾಲಿಟ್ಟು ಒಳಗೆ ಹೋದರು.